ಗೋಲು ಹೊಡೆಯುವುದು ಕತ್ತಿನ ಕೆಲಸ

ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುವ ಆಟಗಾರ, ಸ್ಟ್ರೈಕರ್ ಆಗಿದ್ದೆ ಅಂದ ಕೂಡಲೇ ಜನ ನನ್ನ ಕಾಲು ನೋಡುತ್ತಾರೆ. ಚಡ್ಡಿ ಹಾಕಿದ್ದರೆ ಬಲ ಮಂಡಿಯ ಹೊಲಿಗೆ ಗುರುತು ಕಾಣುತ್ತದೆ, "ಓಹೋ" ಅನ್ನುತ್ತಾರೆ. ಕತ್ತನ್ನು ಯಾರೂ ನೋಡುವುದಿಲ್ಲ. ಆಟ ಬಿಟ್ಟು ಇಪ್ಪತ್ತು ವರ್ಷ ದಾಟಿದರೂ ಸ್ಕೂಟರ್ ಓಡಿಸುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಲೇ ಇರುತ್ತೇನೆ. "ಕನ್ನಡಿ ಯಾಕ್ರೀ ಇರೋದು?" ಅಂತ ಹಿಂದೆ ಕೂತ ಹೆಂಡತಿ ಬೈಯುತ್ತಾಳೆ. ಈ ಚಟ ಹತ್ತಿದ್ದು ಕೋಲ್ಕತ್ತದಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನೂ ಗೋಲು ಹೊಡೆಯುವುದು ಕಾಲಿನ ಕೆಲಸ ಅಂತಲೇ ನಂಬಿದ್ದೆ.

ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಆಸ್ಟಿನ್ ಟೌನ್ ಮಗ್ಗುಲಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮೈದಾನದಲ್ಲಿ ಎರಡನ್ನೂ ಕಲಸಿ ಮೇಲೊಂದಿಷ್ಟು ಉರ್ದು ಬೈಗುಳ ಉದುರಿಸಿದ್ದು. ಬೆಂಗಳೂರು ಅಂದರೆ ಬರೀ ಕ್ರಿಕೆಟ್ಟು ಅನ್ನುವವರು ನಮ್ಮ ಕಡೆ ಬಂದೇ ಇಲ್ಲ ಅಂತ ಅರ್ಥ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಒಲಿಂಪಿಕ್ಸ್ ಆಡಿದವರ ಸುದ್ದಿ ಟೀ ಅಂಗಡಿಯ ಸುದ್ದಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1-2ರಿಂದ ಸೋತಿತಲ್ಲ, ಆ ಒಂದು ಗೋಲು ನಮ್ಮೂರಿನ ರಾಮನ್ ಅವರದ್ದು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ಆಮೇಲೆ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ 'ಪಂಚ ಪಾಂಡವರು' ಅಂತ ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದರು. ನಮ್ಮ ರಾಜ್ಯದ ತಂಡ, ಆಗಿನ ಹೆಸರಲ್ಲಿ ಮೈಸೂರು, ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 4 ಸಲ ಗೆದ್ದಿತ್ತು, ಕೊನೆಯ ಸಲ 1968-69ರಲ್ಲಿ. ನಾನು ಚೆಂಡು ಒದೆಯುವ ಹೊತ್ತಿಗೆ ಅದೆಲ್ಲ ಗೋಡೆ ಮೇಲಿನ ಹಳೇ ಫೋಟೋ ಆಗಿತ್ತು. ಕರ್ನಾಟಕಕ್ಕೆ ಆ ಟ್ರೋಫಿ ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. 54 ವರ್ಷದ ಅಂತರ. ನನ್ನ ಇಡೀ ಆಟ ಆ ಅಂತರದೊಳಗೇ ಶುರುವಾಗಿ ಅಲ್ಲೇ ಮುಗಿಯಿತು.

ನಮ್ಮ ಗೋಲ್‌ಪೋಸ್ಟ್ ಅಂದರೆ ಎರಡು ಜೊತೆ ಚಪ್ಪಲಿ. ಮೇಲೆ ಅಡ್ಡಪಟ್ಟಿ ಇಲ್ಲ. ಹಾಗಾಗಿ ಮಂಡಿಗಿಂತ ಎತ್ತರಕ್ಕೆ ಹೋದ ಚೆಂಡು ಗೋಲೋ ಅಲ್ಲವೋ ಅಂತ ಜಗಳ ಆಗುತ್ತಿತ್ತು, ಜಗಳದಲ್ಲಿ ಗೆಲ್ಲುತ್ತಿದ್ದದ್ದು ಯಾವಾಗಲೂ ದೊಡ್ಡ ಹುಡುಗರು. ಗುಂಪಿನಲ್ಲಿ ಎಲ್ಲರಿಗಿಂತ ಪುಟ್ಟವನಾಗಿದ್ದ ನಾನು ಕಂಡುಕೊಂಡ ಉಪಾಯ, ಚೆಂಡು ನೆಲ ಬಿಡದ ಹಾಗೆ, ಚಪ್ಪಲಿಯನ್ನು ಸವರಿಕೊಂಡು ಹೋಗುವ ಹಾಗೆ ಉರುಳಿಸುವುದು. ಚಪ್ಪಲಿ ಒಳಕ್ಕೆ ಅಲ್ಲಾಡಿದರೆ ಅದೇ ಸಾಕ್ಷಿ. ಮುಂದೆ ಕೋಚ್‌ಗಳೆಲ್ಲ "ಗೋಲಿಗೆ ಅಡ್ಡಡ್ಡ, ಕೆಳಗೆ, ದೂರದ ಪೋಸ್ಟ್ ಕಡೆ ಹೊಡಿ" ಅಂತ ಕೂಗುವಾಗ ನನಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಅದರ ಹಿಂದಿನ ಕಾರಣ ಮಾತ್ರ ದೊಡ್ಡವನಾದ ಮೇಲೆ ಗೊತ್ತಾಯಿತು. ಹತ್ತಿರದ ಪೋಸ್ಟ್‌ಗೆ ಹೊಡೆದ ಚೆಂಡು ಗೋಲಿಯ, ಅಂದರೆ ಗೋಲ್‌ಕೀಪರನ, ಕೈಗೆ ತಗುಲಿದರೆ ಕಾರ್ನರ್ ಆಗುತ್ತದೆ. ದೂರದ ಪೋಸ್ಟ್‌ಗೆ ಹೊಡೆದದ್ದು ತಗುಲಿದರೆ ಗೋಲಿನ ಮುಂದಿನ ಚೌಕ, ಬಾಕ್ಸ್, ಅದರ ಮಧ್ಯಕ್ಕೇ ವಾಪಸ್ ಬೀಳುತ್ತದೆ, ಅಲ್ಲಿ ನಮ್ಮವನೊಬ್ಬ ಇದ್ದೇ ಇರುತ್ತಾನೆ.

ನನಗೆ ಹದಿನೇಳಾಗಿದ್ದಾಗ, 1990ರಲ್ಲಿ, ಆಫ್‌ಸೈಡ್ ನಿಯಮ ಬದಲಾಯಿತು. ನಮ್ಮವರು ಚೆಂಡು ಕೊಡುವ ಗಳಿಗೆಯಲ್ಲಿ ಎದುರಾಳಿ ಗೋಲಿನ ಕಡೆ ತೀರಾ ಮುಂದೆ ನಿಂತಿರಬಾರದು ಅನ್ನುವ ನಿಯಮ ಅದು. ಅದುವರೆಗೆ ಕೊನೆಯಿಂದ ಎರಡನೇ ಎದುರಾಳಿಯ ಸರಿಸಮಕ್ಕೆ ನಿಂತರೂ ಆಫ್‌ಸೈಡ್. ಇನ್ನು ಮೇಲೆ ಸಮಕ್ಕೆ ನಿಂತರೆ ತಪ್ಪಿಲ್ಲ. ಕಾಗದದ ಮೇಲೆ ಒಂದು ಸಾಲು, ಮೈದಾನದಲ್ಲಿ ಅರ್ಧ ಗಜ. ಸ್ಟ್ರೈಕರ್‌ಗೆ ಅರ್ಧ ಗಜ ಅಂದರೆ ಆಸ್ತಿ ಬರೆದುಕೊಟ್ಟ ಹಾಗೆ. ಎರಡು ವರ್ಷ ಬಿಟ್ಟು ಇನ್ನೊಂದು ಬಂತು. ತನ್ನವರು ಬೇಕಂತಲೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯುವಂತಿಲ್ಲ. ಬೆಂಗಳೂರು ಲೀಗ್‌ನ ಮೇಲಿನ ಹಂತ, ನಮ್ಮ ಸೂಪರ್ ಡಿವಿಜನ್, ಅದರ ಗೋಲಿಗಳಲ್ಲಿ ಅರ್ಧ ಜನಕ್ಕೆ ಕಾಲಲ್ಲಿ ಚೆಂಡು ನಿಲ್ಲುತ್ತಲೇ ಇರಲಿಲ್ಲ. ಅಶೋಕನಗರದ ಸ್ಟೇಡಿಯಂನಲ್ಲಿ ಡಿವಿಜನ್ ಮಟ್ಟದ ನನ್ನ ಮೊದಲ ಗೋಲು ಹಾಗೇ ಬಂತು. ಹಿಂದಕ್ಕೆ ಬಂದ ಚೆಂಡು ನೋಡಿ ಗೋಲಿ ಗಾಬರಿಯಾದ, ನಾನು ಓಡಿ ಹೋಗಿ ಕಾಲು ಅಡ್ಡ ಕೊಟ್ಟೆ, ನನ್ನ ಬೂಟಿಗೆ ತಗುಲಿದ ಚೆಂಡು ತನ್ನಷ್ಟಕ್ಕೆ ತಾನೇ ಒಳಗೆ ಹೋಯಿತು. ಅಂಥ ಗೋಲುಗಳನ್ನೇ ಮೊದಲ ಎರಡು ಸೀಸನ್‌ನಲ್ಲಿ ನಾನು ಜಾಸ್ತಿ ಹೊಡೆದದ್ದು. ಪೇಪರ್‌ನಲ್ಲಿ "ಚುರುಕಿನ ಯುವ ಫಾರ್ವರ್ಡ್" ಅಂತ ಬಂತು. ಚುರುಕೇನಲ್ಲ, ಹಸಿವು.

ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತಂಡಕ್ಕೆ ಸೇರಿದೆ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸವೂ ಆಯಿತು. ಬೆಂಗಳೂರಿನ ಫುಟ್‌ಬಾಲ್ ಆಗ ನಿಂತಿದ್ದೇ ಹೀಗೆ. ಎಚ್‌ಎಎಲ್, ಐಟಿಐ, ಎಡಿಇ ಥರದ ಸರ್ಕಾರಿ ಸಂಸ್ಥೆಗಳ ತಂಡಗಳು, ಸೈನ್ಯದ ತಂಡಗಳು. ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನದವರೆಗೆ ಡ್ಯೂಟಿ, ಸಂಜೆ ಮ್ಯಾಚು. ತಿಂಗಳ ಸಂಬಳ, ಪಿಎಫ್, ಕ್ಯಾಂಟೀನಿನಲ್ಲಿ ಊಟ. ಗಿರಣಿ ಕೆಲಸದಲ್ಲಿ ಜೀವ ಸವೆಸಿದ್ದ ನಮ್ಮಪ್ಪನಿಗೆ ಗೋಲಿನ ಲೆಕ್ಕ ಬೇಕಿರಲಿಲ್ಲ. "ಪರ್ಮನೆಂಟ್ ಆಯ್ತಾ?" ಅನ್ನುವುದೊಂದೇ ಪ್ರಶ್ನೆ.

ಪರ್ಮನೆಂಟ್ ಆಗಿ ಎರಡು ವರ್ಷಕ್ಕೆ ರಾಜೀನಾಮೆ ಕೊಟ್ಟೆ.

1996ರಲ್ಲಿ, ಒಂದು ಟೂರ್ನಿಯಲ್ಲಿ ನನ್ನ ಆಟ ನೋಡಿದ ಕೋಲ್ಕತ್ತದ ದೊಡ್ಡ ಕ್ಲಬ್ಬಿನವರು ಬಂದರು. ಅದೇ ವರ್ಷ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾಗುವುದರಲ್ಲಿತ್ತು, ಎಲ್ಲ ಕಡೆಯೂ ಆಟಗಾರರ ಬೇಟೆ. ಒಂದು ಸೀಸನ್ನಿಗೆ ಅವರು ಹೇಳಿದ ಮೊತ್ತ ನನ್ನ ಆರೇಳು ವರ್ಷದ ಸಂಬಳ. ಅಪ್ಪ ರಾಜೀನಾಮೆ ಪತ್ರದ ನಕಲನ್ನು ಒಂದು ಸಲ ಓದಿದರು, ಮಡಚಿ ವಾಪಸ್ ಕೊಟ್ಟರು. ಮಾತು ಬಿಟ್ಟರು. ಒಂದೂಮುಕ್ಕಾಲು ವರ್ಷ.

ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಕೋಲ್ಕತ್ತದಲ್ಲಿ ದೊಡ್ಡದು ಅಂದರೆ ಎಲ್ಲರಿಗೂ ನೆನಪಾಗುವುದು ಎರಡೇ, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್, ಅದರಲ್ಲಿ ಒಂದು. ಸಹಿ ಹಾಕುವ ಹಿಂದಿನ ಎರಡು ರಾತ್ರಿ ನನ್ನನ್ನು ಊರಾಚೆಯ ಒಂದು ಗೆಸ್ಟ್ ಹೌಸ್‌ನಲ್ಲಿ ಇಟ್ಟಿದ್ದರು, ಎದುರಾಳಿ ಕ್ಲಬ್ಬಿನವರು ಹೊತ್ತೊಯ್ದುಬಿಡುತ್ತಾರೆ ಅಂತ. ನನಗೆ ಒಳಗೊಳಗೇ ನಗು. ಬೆಂಗಳೂರಿನಲ್ಲಿ ನನ್ನನ್ನು ಬಸ್ ಕಂಡಕ್ಟರ್ ಕೂಡ ಗುರುತು ಹಿಡಿಯುತ್ತಿರಲಿಲ್ಲ. ಇಲ್ಲಿ ಬಾಗಿಲ ಮುಂದೆ ಇಬ್ಬರು ಕಾವಲು!

ಹೋದ ಮೇಲೆ ಗೊತ್ತಾಯಿತು, ನನ್ನ ಜಾಗದಲ್ಲಿ ಆಫ್ರಿಕಾದಿಂದ ಬಂದ ಹಿರಿಯ ಸ್ಟ್ರೈಕರ್ ಒಬ್ಬರು ಇದ್ದಾರೆ, ನಾನು ಅವರ ಬದಲಿ ಆಟಗಾರ. ಎಂಬತ್ತರ ದಶಕದಲ್ಲಿ ನೈಜೀರಿಯಾದ ಚೀಮಾ ಒಕೋರಿ ಬಂದು ಗೋಲುಗಳ ಮಳೆ ಸುರಿಸಿದ ಮೇಲೆ ಕೋಲ್ಕತ್ತದ ಜನಕ್ಕೆ ಸೆಂಟರ್ ಫಾರ್ವರ್ಡ್ ಅಂದರೆ ಆ ಗಾತ್ರ, ಆ ಬಲ. ಐದಡಿ ಎಂಟಿಂಚಿನ ಬೆಂಗಳೂರಿನ ಹುಡುಗ ಅವರ ಕಣ್ಣಿಗೆ ಎಡ ಅಂಚಿನಲ್ಲಿ ಓಡುವ ಲೆಫ್ಟ್ ಔಟ್ ಇದ್ದ ಹಾಗೆ ಕಾಣುತ್ತಿದ್ದ. ಮೊದಲ ನಾಲ್ಕು ತಿಂಗಳು ನನಗೆ ಸಿಕ್ಕಿದ್ದು ಕೊನೆಯ ಹತ್ತು, ಹದಿನೈದು ನಿಮಿಷಗಳು. ಸಿಕ್ಕ ಕೂಡಲೇ ಹುಚ್ಚು ಹಿಡಿದವನ ಹಾಗೆ ಓಡುತ್ತಿದ್ದೆ. ಚೆಂಡು ಎಲ್ಲಿದೆಯೋ ಅಲ್ಲಿ ನಾನು. ಒಂದೂ ಗೋಲು ಬರಲಿಲ್ಲ.

ಆ ಹಿರಿಯರು ಮಿತಭಾಷಿ. ಒಂದು ದಿನ ಬೆಳಿಗ್ಗೆ ಮೈದಾನದಲ್ಲಿ ಪ್ರಾಕ್ಟೀಸ್ ಮುಗಿಸಿ ಎಲ್ಲರೂ ಕ್ಲಬ್ಬಿನ ಟೆಂಟಿಗೆ ಹೊರಟಾಗ ನನ್ನನ್ನು ನಿಲ್ಲಿಸಿಕೊಂಡರು. ಜೆರ್ಸಿ ಮೇಲೆ ಹಾಕುವ ತೋಳಿಲ್ಲದ ಕೆಂಪು, ಹಳದಿ, ಹಸಿರು ಬಿಬ್‌ಗಳನ್ನು ಇಬ್ಬರು ಜೂನಿಯರ್ ಹುಡುಗರ ಕೈಗೆ ಕೊಟ್ಟರು. ನನ್ನನ್ನು ಬಾಕ್ಸಿನ ಅಂಚಿನಲ್ಲಿ ಗೋಲಿಗೆ ಬೆನ್ನು ಹಾಕಿ ನಿಲ್ಲಿಸಿ, ಆ ಇಬ್ಬರನ್ನು ನನ್ನ ಹಿಂದೆ ಎಡಕ್ಕೊಬ್ಬ ಬಲಕ್ಕೊಬ್ಬ ಬಿಟ್ಟರು. ತಾವು ಇಪ್ಪತ್ತು ಗಜ ದೂರದಿಂದ ಜೋರಾಗಿ ಪಾಸ್ ಕೊಡುತ್ತಾರೆ. ಚೆಂಡು ನನ್ನ ಕಾಲು ಮುಟ್ಟುವ ಮುಂಚೆ ಎಡಗಡೆಯವನ ಕೈಯಲ್ಲಿ ಯಾವ ಬಣ್ಣ, ಬಲಗಡೆಯವನ ಕೈಯಲ್ಲಿ ಯಾವ ಬಣ್ಣ ಅಂತ ನಾನು ಕೂಗಬೇಕು. ಹುಡುಗರು ಪ್ರತಿ ಸಲ ಬಣ್ಣ ಬದಲಾಯಿಸುತ್ತಾರೆ, ಜಾಗವನ್ನೂ.

ಹತ್ತರಲ್ಲಿ ಎರಡು ಸರಿ ಹೇಳಿದೆ. ಆ ಎರಡರಲ್ಲೂ ಚೆಂಡು ಕಾಲಿನಡಿ ನುಸುಳಿಕೊಂಡು ಹೋಯಿತು.

ಅವರು ಹತ್ತಿರ ಬಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು. "ಚೆಂಡನ್ನ ಯಾಕೆ ಹಂಗೆ ದಿಟ್ಟಿಸ್ತೀಯ? ಅದು ನಿನ್ನ ಹತ್ರಾನೇ ಬರ್ತಿದೆ. ತಪ್ಪಿಸ್ಕೊಂಡು ಓಡೋನು ಡಿಫೆಂಡರು, ಅವನನ್ನ ನೋಡು." ಆಮೇಲೆ ನನ್ನ ಗದ್ದ ಹಿಡಿದು ಕತ್ತನ್ನು ಎಡಭುಜದ ಮೇಲಕ್ಕೆ ತಿರುಗಿಸಿದರು, ವಾಪಸ್ ತಂದರು, ಬಲಭುಜದ ಮೇಲಕ್ಕೆ ತಿರುಗಿಸಿದರು. ಹಜಾಮರ ಅಂಗಡಿಯಲ್ಲಿ ಮಾಡುತ್ತಾರಲ್ಲ, ಹಾಗೆ.

ಯಾವಾಗ ನೋಡಬೇಕು ಅನ್ನುವುದು ಎರಡನೇ ಪಾಠ. ಚೆಂಡು ಯಾರದೋ ಕಾಲಲ್ಲಿ ಇರುವಾಗ ಕತ್ತು ತಿರುಗಿಸಬಾರದು, ಅವನು ಯಾವ ಗಳಿಗೆಯಲ್ಲಾದರೂ ಕೊಡಬಹುದು. ಚೆಂಡು ಇಬ್ಬರ ಮಧ್ಯೆ ಉರುಳುತ್ತಿರುತ್ತದಲ್ಲ, ಆ ಒಂದು ಸೆಕೆಂಡು ಬಿಟ್ಟಿ ಸಮಯ. ಆ ಹೊತ್ತಲ್ಲಿ ಯಾರೂ ಏನೂ ಬದಲಾಯಿಸಲು ಆಗುವುದಿಲ್ಲ. ಹಾಫ್ ಬ್ಯಾಕ್‌ನಿಂದ ವಿಂಗರ್‌ಗೆ ಚೆಂಡು ಹೋಗುತ್ತಿದೆ, ನೋಡು. ವಿಂಗರ್ ಮೊದಲ ಟಚ್‌ನಲ್ಲಿ ಚೆಂಡನ್ನು ಮುಂದಕ್ಕೆ ತಳ್ಳಿದ, ಇನ್ನೊಮ್ಮೆ ನೋಡು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಮಾಡಿ ನೋಡಿ, ಮೂರು ವಾರ ನನಗೆ ತಲೆ ಸುತ್ತು ಬರುತ್ತಿತ್ತು.

ಇನ್ನು ಕ್ರಾಸ್, ಅಂದರೆ ಮೈದಾನದ ಅಂಚಿನಿಂದ ವಿಂಗರ್ ಗೋಲಿನ ಮುಂದಕ್ಕೆ ಹಾಕುವ ಚೆಂಡು. ಬಲಗಡೆಯಿಂದ ಕ್ರಾಸ್ ಬರುತ್ತದೆ ಅಂದರೆ ನಾನು ಅದುವರೆಗೆ ನಡುವಿನ ಡಿಫೆಂಡರ್, ಸ್ಟಾಪರ್‌ನ ಮುಂದೆಯೇ ನಿಂತು ನೂಕಾಡುತ್ತಿದ್ದೆ. ಅವನು ನನಗಿಂತ ಹತ್ತು ಕೆಜಿ ಜಾಸ್ತಿ, ನೂಕಾಟದಲ್ಲಿ ಅವನೇ ಗೆಲ್ಲಬೇಕು. ಹಿರಿಯರು ನನ್ನನ್ನು ಅವನ ಆಚೆ ಭುಜದ ಹಿಂದಕ್ಕೆ ಕಳಿಸಿದರು. ಅಲ್ಲಿ ನಿಂತರೆ ಅವನಿಗೆ ಒಂದೇ ನೋಟದಲ್ಲಿ ಚೆಂಡೂ ನಾನೂ ಕಾಣುವುದಿಲ್ಲ. ನನ್ನನ್ನು ನೋಡಿದರೆ ಚೆಂಡು ತಪ್ಪುತ್ತದೆ, ಚೆಂಡು ನೋಡಿದರೆ ನಾನು. ಮೊದಲ ಎರಡು ಹೆಜ್ಜೆ ಸುಳ್ಳು, ದೂರದ ಪೋಸ್ಟ್ ಕಡೆಗೆ. ಅವನೂ ಎರಡು ಹೆಜ್ಜೆ ಬರುತ್ತಾನೆ. ಕ್ರಾಸ್ ಮಾಡುವ ಮುಂಚೆ ಯಾವ ವಿಂಗರ್ ಆದರೂ ಒಂದು ಸಲ ತಲೆ ತಗ್ಗಿಸಿ ಚೆಂಡು ನೋಡಿಕೊಳ್ಳುತ್ತಾನೆ. ಆ ತಲೆ ತಗ್ಗಿತು ಅಂದರೆ ಸಿಳ್ಳೆ ಹೊಡೆದ ಹಾಗೆ. ತಕ್ಷಣ ಸ್ಟಾಪರ್‌ನ ಮುಂದಿನಿಂದ ಹತ್ತಿರದ ಪೋಸ್ಟ್‌ಗೆ ನುಗ್ಗಬೇಕು. ಜೋರಾಗಿ ಹೊಡೆಯುವುದೂ ಬೇಡ. ಚೆಂಡಿನ ವೇಗ ಅದಾಗಲೇ ಅದರಲ್ಲೇ ಇದೆ, ದಾರಿ ತಿರುಗಿಸಿದರೆ ಸಾಕು. ಗೋಲಿನ ಅಗಲ 7.32 ಮೀಟರ್, ಗೋಲಿಯ ಕೈ ಎಲ್ಲ ಕಡೆ ಮುಟ್ಟುವುದಿಲ್ಲ.

ಆಟಗಾರರು ಉಳಿಯುವ ಮೆಸ್ಸಿನಲ್ಲಿ ನನ್ನ ಕೋಣೆಯಲ್ಲಿದ್ದ ಮಣಿಪುರದ ಲೆಫ್ಟ್ ಬ್ಯಾಕ್‌ಗೆ ಒಂದು ಕೆಲಸ ಹಚ್ಚಿದೆ. ಅವನು ಬೆಂಚಿನಲ್ಲಿದ್ದ ದಿನ ನಾನು ಎಷ್ಟು ಸಲ ಹಿಂದೆ ತಿರುಗಿ ನೋಡುತ್ತೇನೆ ಅಂತ ಎಣಿಸಬೇಕು. ಮೊದಲ ಸಲ ಎಣಿಸಿದಾಗ ಅರ್ಧ ಮ್ಯಾಚಿಗೆ 9 ಸಲ. ಆರು ತಿಂಗಳು ಬಿಟ್ಟು ಎಣಿಸಿದಾಗ 60 ದಾಟಿತ್ತು. ಅವನಿಗೇ ಬೇಜಾರಾಗಿ ಎಣಿಕೆ ಬಿಟ್ಟ. ಅಷ್ಟು ಹೊತ್ತಿಗೆ ಗೋಲುಗಳು ಬರಲು ಶುರುವಾಗಿದ್ದವು. ಅದಕ್ಕೂ ಮೊದಲು ಬಂದದ್ದು ಒಂದು ಥರದ ನಿಧಾನ. ಜನ ಅದನ್ನು ಸೋಮಾರಿತನ ಅಂದರು. ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿದವನು ಮೊದಲ ಐದು ನಿಮಿಷ ನಡೆದಾಡಿಕೊಂಡು ಇಬ್ಬರು ಸ್ಟಾಪರ್‌ಗಳಲ್ಲಿ ಯಾರು ಮಂಡಿ ಮೇಲೆ ಕೈಯೂರಿ ಉಸಿರು ಎಳೆಯುತ್ತಿದ್ದಾನೆ ಅಂತ ನೋಡುತ್ತಿದ್ದರೆ ಗ್ಯಾಲರಿಗೆ ಏನು ಕಾಣಬೇಕು ಹೇಳಿ? ಬೈಗುಳ ಬೀಳುತ್ತಿತ್ತು. ಬಂಗಾಳಿಯಲ್ಲಿ ನಾನು ಮೊದಲು ಕಲಿತದ್ದು ಆ ಶಬ್ದಗಳನ್ನೇ.

1997ರ ಜುಲೈ 13ರಂದು ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್. ಆ ದಿನ ನಾನು ಪಟ್ಟಿಯಲ್ಲಿ ಇರಲಿಲ್ಲ. ಗ್ಯಾಲರಿಯಲ್ಲಿದ್ದೆ, ಯಾವ ಕಡೆ ಅಂತ ಕೇಳಬೇಡಿ. 1,31,000ಕ್ಕೂ ಹೆಚ್ಚು ಜನ. ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟರೂ ಬಿಸಿ ಆಗುತ್ತದೆ. ಮೋಹನ್ ಬಾಗಾನ್ ಕೋಚ್ ಅಮಲ್ ದತ್ತ ಅವರ 'ಡೈಮಂಡ್' ವ್ಯೂಹದ ಬಗ್ಗೆ ಊರೆಲ್ಲ ಮಾತಾಡುತ್ತಿತ್ತು, ಎದುರು ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ. ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು, ಬೈಚುಂಗ್ ಭುಟಿಯಾ ಹ್ಯಾಟ್ರಿಕ್. ಆಗ ಅವನಿಗೆ ಇಪ್ಪತ್ತು ವರ್ಷ, ನನಗಿಂತ ಕಿರಿಯ. ನಾನು ಆ ದಿನ ಚೆಂಡು ನೋಡಿದ್ದು ಕಮ್ಮಿ. ಚೆಂಡು ಇನ್ನೊಂದು ತುದಿಯಲ್ಲಿ ಇರುವಾಗ ಅವನೇನು ಮಾಡುತ್ತಾನೆ ಅಂತ ನೋಡುತ್ತಿದ್ದೆ. ಸುಮ್ಮನೆ ಇರುತ್ತಿರಲಿಲ್ಲ. ಎರಡು ಹೆಜ್ಜೆ ಅತ್ತ, ಒಂದು ಇತ್ತ, ಭುಜದ ಮೇಲಿಂದ ಒಂದು ನೋಟ. ಡಿಫೆಂಡರ್ ಹತ್ತಿರ ಬಂದರೆ ದೂರ, ದೂರ ಹೋದರೆ ಹತ್ತಿರ. ಹಳ್ಳಿ ಜಾತ್ರೆಯಲ್ಲಿ ಜೇಬುಗಳ್ಳರು ಇರುತ್ತಾರಲ್ಲ, ಆ ನಡಿಗೆ. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನ ತೊಡೆ ತಟ್ಟಿ, ಆಟ ಆ ಕಡೆ ನಡೀತಿದೆ ಅಂತ ಬೆರಳು ತೋರಿಸಿದರು.

ಅದಾದ ಮುಂದಿನ ತಿಂಗಳು ನನ್ನ ಸರದಿ ಬಂತು, ಕೋಲ್ಕತ್ತ ಲೀಗ್‌ನಲ್ಲಿ. ಆ ಲೀಗ್ ನಡೆಯುವುದೇ ಮಳೆಗಾಲದಲ್ಲಿ. ಹಿರಿಯರಿಗೆ ತೊಡೆಯ ಸ್ನಾಯು ಹಿಡಿದಿತ್ತು, ನಾನು ಮೊದಲ ಹನ್ನೊಂದರಲ್ಲಿ. ಮೈದಾನ ಅಂದರೆ ಉಳುಮೆಗೆ ಸಿದ್ಧವಾದ ಗದ್ದೆ. ಬೂಟಿನ ಅಡಿಗೆ, ಇದ್ದದ್ದರಲ್ಲಿ ಉದ್ದದ, ಮೊಳೆಯಂಥ ಸ್ಟಡ್‌ಗಳನ್ನು ತಿರುಗಿಸಿ ಬಿಗಿದುಕೊಂಡು ಇಳಿದೆ. 0-0, ಎಪ್ಪತ್ತನೇ ನಿಮಿಷದ ಆಸುಪಾಸು. ಎಡಗಡೆಯಿಂದ ಕ್ರಾಸ್. ಎಲ್ಲ ಸರಿ ಮಾಡಿದೆ. ಆಚೆ ಭುಜ, ಎರಡು ಸುಳ್ಳು ಹೆಜ್ಜೆ, ವಿಂಗರ್‌ನ ತಲೆ ತಗ್ಗಿತು, ನುಗ್ಗಿದೆ. ಗೋಲಿ ಬಿದ್ದಿದ್ದ, ಡಿಫೆಂಡರ್ ಹಿಂದೆ ಉಳಿದಿದ್ದ, ನನ್ನ ಮುಂದೆ ಮೂರು ಗಜ ಖಾಲಿ ಗೋಲು. ಚೆಂಡು ನೆಲದ ಮೇಲೆ ಜಾರಿಕೊಂಡು ಬರುತ್ತಿದೆ. ಎಡಗಾಲು ಊರಿ ಬಲಗಾಲು ಬೀಸಿದೆ.

ಚೆಂಡು ಅಲ್ಲಿರಲಿಲ್ಲ. ಒಂದಡಿ ಹಿಂದೆ, ಹೊಂಡದ ನೀರಿನಲ್ಲಿ ಎಮ್ಮೆಯ ಹಾಗೆ ನಿಂತುಬಿಟ್ಟಿತ್ತು. ನನ್ನ ಕಾಲು ಗಾಳಿಗೆ ಬೀಸಿ, ಊರಿದ್ದ ಕಾಲು ಜಾರಿ, ನಾನು ಬೆನ್ನ ಮೇಲೆ ಬಿದ್ದೆ. ಗೋಲಿ ಎದ್ದು ಬಂದು ಮಗುವನ್ನು ಎತ್ತಿಕೊಂಡ ಹಾಗೆ ಚೆಂಡನ್ನು ಎತ್ತಿಕೊಂಡ. ಡಿಫೆಂಡರನ್ನು ಮೂರು ಸಲ ನೋಡಿದ್ದೆ, ಗೋಲಿಯನ್ನು ಎರಡು ಸಲ. ನೆಲವನ್ನು ನೋಡಿರಲಿಲ್ಲ. ಮ್ಯಾಚು 0-0ರಲ್ಲೇ ಮುಗಿಯಿತು. ಗ್ಯಾಲರಿಯಿಂದ ಬಿದ್ದ ಚಪ್ಪಲಿಗಳನ್ನು ಜೋಡಿಸಿದ್ದರೆ ಆಸ್ಟಿನ್ ಟೌನ್‌ನ ಒಂದು ಗೋಲ್‌ಪೋಸ್ಟ್ ಆಗುತ್ತಿತ್ತು.

ಮರುದಿನ ಮೆಸ್ಸಿನ ಹುಡುಗನ ಜೊತೆ ಮೀನು ಮಾರುಕಟ್ಟೆಗೆ ಹೋಗಿದ್ದೆ. ಕೋಲ್ಕತ್ತದಲ್ಲಿ ಒಂದು ಮಾತಿದೆ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನಿಗೆ ಬೆಲೆ ಏರುತ್ತದೆ, ಮೋಹನ್ ಬಾಗಾನ್ ಗೆದ್ದರೆ ಸೀಗಡಿಗೆ. ಮಾರುವವನು ನನ್ನ ಮುಖ ನೋಡಿದ, ತನ್ನ ಮುಂದೆ ರಾಶಿ ಬಿದ್ದಿದ್ದ ಸರಕು ನೋಡಿದ, ಮತ್ತೆ ನನ್ನ ಮುಖ ನೋಡಿದ. "ಇದನ್ನ ನೀನೇ ತಗೊಂಡು ಹೋಗು, ನಿನ್ನಿಂದ ಉಳಿದಿದ್ದು" ಅಂದ. ದುಡ್ಡು ತೆಗೆದುಕೊಳ್ಳಲಿಲ್ಲ. ಯಾವ ಮೀನು ಅಂತ ಹೇಳಿದರೆ ಕ್ಲಬ್ಬಿನ ಹೆಸರು ಹೇಳಿದ ಹಾಗೆ.

ಆ ರಾತ್ರಿ ಹಿರಿಯರು ಕೋಣೆಗೆ ಬಂದು ಬೂಟು ತರಿಸಿಕೊಂಡರು. ಒದ್ದೆ ನೆಲದಲ್ಲಿ ಊರುವ ಕಾಲೇ ಮುಖ್ಯ ಅಂದರು. ಒಣ ನೆಲದಲ್ಲಿ ಊರುವ ಕಾಲು ಚೆಂಡಿನ ಪಕ್ಕಕ್ಕೆ ಬರಬೇಕು, ಬೆರಳುಗಳು ಗುರಿ ಕಡೆ ತಿರುಗಿರಬೇಕು. ಕೆಸರಿನಲ್ಲಿ ಕೊನೆಯ ಹೆಜ್ಜೆಯನ್ನು ಅರ್ಧ ಮಾಡಬೇಕು, ಮೈಯ ಭಾರ ಊರಿದ ಕಾಲಿನ ಮೇಲೇ ಇರಬೇಕು, ಆಗ ಚೆಂಡು ನಿಂತರೂ ನೀನು ನಿಲ್ಲಬಹುದು. ಮೇಲೆ ಇನ್ನೊಂದು ಮಾತು ಸೇರಿಸಿದರು. ಮ್ಯಾಚಿಗೆ ಮುಂಚೆ ವಾರ್ಮ್ ಅಪ್ ಮಾಡುವಾಗ ಎರಡೂ ಬಾಕ್ಸ್‌ಗಳಲ್ಲಿ ನಡೆದು ಹೊಂಡ ಎಲ್ಲಿದೆ ಅಂತ ನೋಡಿಟ್ಟುಕೋ. ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ಅದು ಬೇಕಾಗಿಯೂ ಇರಲಿಲ್ಲ. ತಪ್ಪಿಸಿಕೊಂಡ ಗೋಲಿನ ಬಗ್ಗೆ ಸ್ಟ್ರೈಕರ್‌ಗೆ ಸಮಾಧಾನ ಹೇಳುವವರು ಅದನ್ನು ಇನ್ನೊಂದು ಸಲ ನೆನಪಿಸುತ್ತಾರೆ ಅಷ್ಟೇ. ಆ ಸೀಸನ್ನಿನ ಉಳಿದ ಭಾಗದಲ್ಲಿ 7 ಗೋಲು ಹೊಡೆದೆ. ಈಗಲೂ ಕನಸಿಗೆ ಬರುವುದು ಆ ಹೊಂಡ.

ಮಂಡಿ ಹೋಗಿದ್ದು 1998ರಲ್ಲಿ, ಮ್ಯಾಚಿನಲ್ಲೂ ಅಲ್ಲ, ಪ್ರಾಕ್ಟೀಸಿನಲ್ಲಿ. ಯಾರೂ ಮುಟ್ಟಲಿಲ್ಲ. ಓಡುತ್ತಾ ಬಂದು ಸರ್ರನೆ ಎಡಕ್ಕೆ ತಿರುಗಿದೆ, ಸ್ಟಡ್ ನೆಲದಲ್ಲಿ ಕಚ್ಚಿಕೊಂಡಿತು, ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ ಟಪ್ ಅಂದಿದ್ದು ಪಕ್ಕದವನಿಗೂ ಕೇಳಿಸಿತು. ಎರಡು ಗಂಟೆಯಲ್ಲಿ ಮಂಡಿ ತೆಂಗಿನಕಾಯಿ ಗಾತ್ರ. ಮಂಡಿಯೊಳಗೆ ಅಡ್ಡ ಹಾದುಹೋಗುವ ಒಂದು ಅಸ್ಥಿರಜ್ಜು ಇದೆ, ಡಾಕ್ಟರುಗಳು ಎಸಿಎಲ್ ಅನ್ನುತ್ತಾರೆ. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚಿಕೊಳ್ಳದ ಹಾಗೆ ಹಿಡಿದಿಡುವುದು ಅದೇ. ಅದು ಹರಿದರೂ ನೇರ ನಡೆಯಬಹುದು, ನಿಧಾನಕ್ಕೆ ಓಡಲೂಬಹುದು. ತಿರುಗುವಾಗ ಮಾತ್ರ ಮಂಡಿ ಕೈಕೊಡುತ್ತದೆ. ಸ್ಟ್ರೈಕರ್‌ನ ಬದುಕೇ ತಿರುಗುವುದು.

ನನಗೆ ಹೇಳಿದ್ದು "ಉಳುಕು" ಅಂತ. ಹತ್ತು ದಿನ ಐಸು, ಒಂದು ಇಂಜೆಕ್ಷನ್, ಮೇಲೆ ಎರಡು ಮ್ಯಾಚು ಆಡಿಸಿದರು. ಎರಡನೆಯದರಲ್ಲಿ ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್, ಅದೂ ಹರಿಯಿತು. ಸೀಸನ್ನಿನ ಮೂರನೇ ಕಂತಿನ ಹಣ ಪೂರ್ತಿ ಬರಲೇ ಇಲ್ಲ. ಕೇಳಲು ಹೋದರೆ ಟೆಂಟಿನಲ್ಲಿ ಚಹಾ ಕೊಟ್ಟು ಕಳಿಸುತ್ತಿದ್ದರು, ಒಳ್ಳೆ ಚಹಾ. ಆ ಬಗ್ಗೆ ಇಷ್ಟು ಸಾಕು. ನನಗಿಂತ ಕೆಟ್ಟದ್ದು ಆದವರು ತುಂಬ ಜನ ಇದ್ದಾರೆ, ಅವರಿಗೆ ಕಾಗದದ ಮೇಲೆ ಕರಾರೂ ಇರಲಿಲ್ಲ.

ಬೆಂಗಳೂರಿಗೆ ಬಂದು ಮನೆಯ ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಮಲಗಿದ್ದೆ. ಆಪರೇಷನ್ನಿಗೆ ಎಷ್ಟು ಅಂತ ಅಮ್ಮನ ಹತ್ತಿರ ಹೇಳಿದ್ದು ಅಪ್ಪನಿಗೆ ಕೇಳಿಸಿರಬೇಕು. ಒಂದು ವಾರ ಬಿಟ್ಟು ಪಿಎಫ್ ಸಾಲದ ಕಾಗದ ತಂದು ದಿಂಬಿನ ಪಕ್ಕ ಇಟ್ಟರು. "ಯಾವ ಆಸ್ಪತ್ರೆ?" ಅಂದರು. ಒಂದೂಮುಕ್ಕಾಲು ವರ್ಷದ ನಂತರದ ಮೊದಲ ಮಾತು.

ಈಗಿನ ಹುಡುಗರಿಗೆ ಎಸಿಎಲ್ ಆಪರೇಷನ್ ಆದರೆ ಒಂಬತ್ತು ತಿಂಗಳು ಫಿಸಿಯೋ ಬೆನ್ನು ಬಿಡುವುದಿಲ್ಲ. ನನಗೆ ಫಿಸಿಯೋ ಅಂದರೆ ಆಸ್ಪತ್ರೆಯವರು ಕೊಟ್ಟ ಒಂದು ಹಾಳೆ ಮತ್ತು ಮರಳು ತುಂಬಿದ ಪ್ಲಾಸ್ಟಿಕ್ ಚೀಲ. ಚೀಲವನ್ನು ಕಣಕಾಲಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ಕಾಲು ಎತ್ತುವುದು, ಇಳಿಸುವುದು. ಎರಡು ಕೆಜಿಯಿಂದ ಶುರು ಮಾಡಿ ಎಂಟಕ್ಕೆ ಹೋದೆ. ಹದಿನಾಲ್ಕು ತಿಂಗಳು ಹಿಡಿಯಿತು. ಕೋಲ್ಕತ್ತದಿಂದ ಯಾರೂ ಕರೆಯಲಿಲ್ಲ, ಬಿಟ್ಟು ಬಂದ ಕೆಲಸವೂ ಸಿಗಲಿಲ್ಲ. ಬೆಂಗಳೂರಿನ ಎ ಡಿವಿಜನ್‌ನಲ್ಲಿ ಒಂದು ಸಣ್ಣ ತಂಡಕ್ಕೆ ಮ್ಯಾಚಿಗಿಷ್ಟು ಅಂತ ಆಡಲು ಒಪ್ಪಿಕೊಂಡೆ.

ವಿಚಿತ್ರ ಅಂದರೆ, ಆಮೇಲಿನ ಮೂರು ವರ್ಷ ನಾನು ಆಡಿದ ಅತ್ಯುತ್ತಮ ಆಟ. ವೇಗ ಹೋಗಿತ್ತು. ಮೂವತ್ತು ಗಜ ಓಡಿ ಡಿಫೆಂಡರನ್ನು ಹಿಂದೆ ಹಾಕುವ ಮಾತೇ ಇಲ್ಲ. ಬಲಕ್ಕೆ ತಿರುಗಬಲ್ಲೆ, ಎಡಕ್ಕೆ ತಿರುಗಲು ಹೆದರಿಕೆ. ಹಾಗಾಗಿ ಚೆಂಡು ಬರುವ ಮುಂಚೆಯೇ ತಿರುಗಿ ನಿಂತಿರಬೇಕಾಗಿತ್ತು, ಎಲ್ಲರಿಗಿಂತ ಒಂದು ಸೆಕೆಂಡು ಮೊದಲೇ ಗೊತ್ತಿರಬೇಕಾಗಿತ್ತು. ನನ್ನಲ್ಲಿ ಉಳಿದಿದ್ದ ಬಂಡವಾಳ ಕತ್ತು ಒಂದೇ. ಒಂದು ಸೀಸನ್ನಿನಲ್ಲಿ 14 ಗೋಲು ಹೊಡೆದೆ, ಎಲ್ಲವೂ ಬಾಕ್ಸಿನ ಒಳಗಿನಿಂದ, ಅರ್ಧದಷ್ಟು ಆರು ಗಜದ ಒಳಗಿನಿಂದ. ಒಂದರಲ್ಲೂ ಎರಡು ಟಚ್‌ಗಿಂತ ಜಾಸ್ತಿ ಇಲ್ಲ. ನೋಡಿದವರು "ಅದೃಷ್ಟ ಮಾರಾಯ, ಯಾವಾಗಲೂ ಚೆಂಡು ಇವನ ಕಾಲಿಗೇ ಬೀಳುತ್ತೆ" ಅನ್ನುತ್ತಿದ್ದರು. ನಾನು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದೆ. ಪಂದ್ಯಕ್ಕೆ ಕೊಡುತ್ತಿದ್ದ ಹಣದಲ್ಲಿ ಆಟೋ ಖರ್ಚು ಕಳೆದರೆ ಒಂದು ಬಿರಿಯಾನಿಗೆ ಆಗುತ್ತಿತ್ತು.

2002ರಲ್ಲಿ ಬಿಟ್ಟೆ. ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು ಕೆಲಸ ಸಿಕ್ಕಿತು, ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಬಿಬ್‌ಗಳ ಆಟವನ್ನು ಎಲ್ಲರಿಗೂ ಆಡಿಸುತ್ತೇನೆ. ಅಪ್ಪ ಅಮ್ಮಂದಿರಿಗೆ ಅದು ಇಷ್ಟವಾಗುವುದಿಲ್ಲ. ಫೀಸು ಕಟ್ಟಿದ್ದಕ್ಕೆ ಮಗ ಚೆಂಡು ಜೋರಾಗಿ ಒದೆಯಬೇಕು ಅವರಿಗೆ, ಬಣ್ಣದ ಹೆಸರು ಕೂಗಿದರೆ ಎಲ್‌ಕೆಜಿ ಅನಿಸುತ್ತದಂತೆ.

2013ರಲ್ಲಿ ಬೆಂಗಳೂರು ಎಫ್‌ಸಿ ಬಂತು, ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳು. ನಮ್ಮ ಕಾಲದಲ್ಲಿ ದೊಡ್ಡ ಕ್ಲಬ್ಬಿಗೆ ಆಡಬೇಕಾದರೆ ಊರು ಬಿಡಬೇಕಿತ್ತು, ಈಗ ದೇಶದ ತಂಡದ ನಾಯಕ ಸುನಿಲ್ ಚೆಟ್ರಿಯೇ ನಮ್ಮೂರಿಗೆ ಬಂದು ಮನೆ ಮಾಡಿದ್ದ. 2016ರ ಅಕ್ಟೋಬರ್ 19ರಂದು ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್, ಮಲೇಷ್ಯಾದ ಜೋಹರ್ ದಾರುಲ್ ತಾಝಿಮ್ ಎದುರು, ಕಂಠೀರವದಲ್ಲಿ. ಮಗನನ್ನು ಕರೆದುಕೊಂಡು ಹೋಗಿದ್ದೆ. ಮೊದಲು ಗೋಲು ಬಿಟ್ಟುಕೊಟ್ಟು ಕೊನೆಗೆ 3-1ರಿಂದ ಗೆದ್ದರು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ಸುನಿಲ್ ಚೆಟ್ರಿ ಎರಡು ಗೋಲು ಹೊಡೆದ. ಮೊದಲನೆಯದು ಕಾರ್ನರ್‌ನಿಂದ, ತಲೆಯಲ್ಲಿ. ಐದಡಿ ಏಳಿಂಚಿನ ಮನುಷ್ಯ, ಸುತ್ತ ಅವನಿಗಿಂತ ಎತ್ತರದ ಡಿಫೆಂಡರ್‌ಗಳು.

ಕಾರ್ನರ್ ತೆಗೆಯುವ ಮುಂಚೆ ನಾನು ಚೆಟ್ರಿಯ ಕತ್ತು ನೋಡುತ್ತಿದ್ದೆ. ಒಂದು ಸಲ ಹಿಂದೆ, ಒಂದು ಸಲ ಪಕ್ಕಕ್ಕೆ. ಆಮೇಲೆ ಅವನನ್ನೂ ಬಿಟ್ಟು ಡಿಫೆಂಡರ್‌ಗಳನ್ನು ನೋಡತೊಡಗಿದೆ, ಯಾವನ ಕಣ್ಣು ಚೆಂಡಿನ ಮೇಲೆ ಹೋಗುತ್ತದೆ ಅಂತ. ಒಬ್ಬ ತಲೆ ಎತ್ತಿದ. "ಈಗ" ಅಂದೆ. ಗೋಲಾಯಿತು ಅಂತ ಗೊತ್ತಾಗಿದ್ದು ಸದ್ದಿನಿಂದ. ಎಲ್ಲರೂ ಎದ್ದು ನಿಂತಿದ್ದರು, ಮಗ ನನ್ನ ಕಾಲರ್ ಹಿಡಿದು ಅಲ್ಲಾಡಿಸುತ್ತಿದ್ದ. "ಅಪ್ಪಾ, ನೋಡಿದ್ಯಾ? ನೋಡಿದ್ಯಾ?"

"ನೋಡಿದೆ" ಅಂದೆ.

ಮ್ಯಾಚು ಮುಗಿದ ಮೇಲೆ ಮೆಟ್ಟಿಲು ಇಳಿಯುವಾಗ ಬಲ ಮಂಡಿಗೆ ಭಾರ ಬೀಳದ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ, ಒಂದು ಕೈ ಮಗನ ಹೆಗಲ ಮೇಲೆ. ಹಿಂದಿನಿಂದ ಜನ ನುಗ್ಗುತ್ತಿದ್ದರು. ಎಡಭುಜದ ಮೇಲಿಂದ ಒಂದು ಸಲ ನೋಡಿದೆ, ಬಲಭುಜದ ಮೇಲಿಂದ ಒಂದು ಸಲ, ಗೋಡೆ ಕಡೆಗೆ ಅರ್ಧ ಹೆಜ್ಜೆ ಸರಿದು ಅವರಿಗೆ ದಾರಿ ಬಿಟ್ಟೆ.